ಈ ಫೈಲು ಬಳಕೆಯಲ್ಲಿದೆ

ಪ್ಲಗ್ಗಪ್ಪನಿಗೆ ಆ ಹೆಸರಿಟ್ಟವರು ತಂದೆತಾಯಿಯಲ್ಲ, ನೀರು ಸರಬರಾಜು ಕಚೇರಿಯವರು. ತಂದೆತಾಯಿ ಇಟ್ಟದ್ದು ಒಳ್ಳೆಯ ಹೆಸರೇ. ಅದು ಈಗ ಸಂಬಳದ ದಿನ ಮಾತ್ರ ಹೊರಗೆ ಬರುತ್ತದೆ. ಒಂದು ಬೆಳಿಗ್ಗೆ ಸಾಹೇಬರ ಕಂಪ್ಯೂಟರ್ ಆನ್ ಆಗಲಿಲ್ಲ. ಇಡೀ ಕಚೇರಿ ಅದರ ಸುತ್ತ ನಿಂತು, ಕಾಯಿಲೆಯವರನ್ನು ನೋಡಲು ಬಂದವರ ಹಾಗೆ ಪಿಸುಗುಡುತ್ತಿತ್ತು. ಸಹಿ ಹಾಕಿಸಿಕೊಳ್ಳಲು ಬಂದಿದ್ದ ಈ ಗುಮಾಸ್ತನ ಪೆನ್ನು ಕೆಳಗೆ ಬಿತ್ತು. ಎತ್ತಿಕೊಳ್ಳಲು ಮೇಜಿನಡಿ ತೂರಿದವನಿಗೆ ಪ್ಲಗ್ಗು ಗೋಡೆಯಿಂದ ಕಳಚಿ ಬಿದ್ದಿರುವುದು ಕಾಣಿಸಿತು. ಸಿಕ್ಕಿಸಿದ. ಕಂಪ್ಯೂಟರ್ ಗುಂಯ್ ಎಂದಿತು. ಅಲ್ಲಿಂದಾಚೆಗೆ ಅವನು ಪ್ಲಗ್ಗಪ್ಪ, ಮತ್ತು ಕಚೇರಿಗೆಲ್ಲ ಒಬ್ಬನೇ ಕಂಪ್ಯೂಟರ್ ಬಲ್ಲವನು. ತನಗೇನೂ ಗೊತ್ತಿಲ್ಲ ಎಂದು ಪಾಪ ಒಂದೆರಡು ಸಲ ಹೇಳಿ ನೋಡಿದ. ವಿನಯ ಎಂದುಕೊಂಡರು. ಆಮೇಲೆ ಹೇಳುವುದನ್ನು ಬಿಟ್ಟ. ಹೊಗಳಿಕೆಯನ್ನು ದಿನಾ ಬೇಡ ಬೇಡ ಎನ್ನುತ್ತ ಕೂರಲು ಯಾರಿಗೆ ಪುರುಸೊತ್ತಿದೆ?

ಇಂಥ ಪ್ಲಗ್ಗಪ್ಪನಿಗೆ ಇದ್ದದ್ದು ಒಂದೇ ಕೊರಗು: ಹೆಂಡತಿ ಜೊತೆಗಿಲ್ಲ. ಜಗಳವಾಡಿ ಹೋದವಳಲ್ಲ, ಬಡ್ತಿ ಸಿಕ್ಕಿ ಹೋದವಳು. ಅವಳೂ ಅದೇ ಇಲಾಖೆಯವಳು. ಬೆಟ್ಟದ ಮೇಲಿನ ಜಲಾಶಯದ ಶಾಖೆಗೆ ಅವಳಿಗೆ ವರ್ಗವಾಯಿತು. ನೀರಿನ ಮಟ್ಟ ಅಳೆದು ದಿನವೂ ಕೆಳಗಿನ ಕಚೇರಿಗೆ ತಿಳಿಸುವುದು ಅವಳ ಕೆಲಸ. ಬಸ್ಸಿನಲ್ಲಿ ಕೂತರೆ ಇಡೀ ಹಗಲು ಬೇಕು ಅಲ್ಲಿಗೆ. ಹೋಗಿ ವರ್ಷ ದಾಟಿತು. ತನ್ನನ್ನೂ ಅಲ್ಲಿಗೇ ಹಾಕಿ ಎಂದು ಇವನು ಕೊಟ್ಟ ಅರ್ಜಿಗಳೆಲ್ಲ "ಅಲ್ಲಿ ಗುಮಾಸ್ತರ ಹುದ್ದೆ ಇಲ್ಲ" ಎಂಬ ಷರಾ ಹೊತ್ತು ವಾಪಸ್ಸು ಬಂದವು. ಕೊನೆಯದೊಂದು ಮಾತ್ರ ಇನ್ನೂ ಎಲ್ಲೋ ಮೇಲಿನ ಕಚೇರಿಯಲ್ಲಿ ಕೂತಿತ್ತು, ಕೂತೇ ಇತ್ತು.

ಮನೆಯಲ್ಲಿ ಅವನು ಈಗಲೂ ಮಂಚದ ಗೋಡೆಯ ಕಡೆಗೇ ಅಂಟಿಕೊಂಡು ಮಲಗುತ್ತಾನೆ. ಒಂದು ಸಲ ಅಮ್ಮ, "ಮಧ್ಯದಲ್ಲಿ ಮಲಗೋ, ಇಡೀ ಮಂಚ ಖಾಲಿ ಬಿದ್ದಿದೆ" ಎಂದರು. "ಖಾಲಿ ಇಲ್ಲಮ್ಮ, ಅದು ಅವಳ ಜಾಗ" ಎಂದ. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ರೇಗಿದರು: "ನಿನಗೆ ಹೆಂಡತಿ ಇಲ್ಲ ಅಂತ ನೀನು ಕೊರಗ್ತೀಯ. ನನಗೆ ಜಗಳ ಆಡೋಕೆ ಒಬ್ಬರಿಲ್ಲ, ಅದನ್ನ ಯಾರ ಹತ್ರ ಹೇಳ್ಕೊಳ್ಳಲಿ? ಅವಳಾದ್ರೆ ಒಂದಂದ್ರೆ ಎರಡು ಅನ್ನೋಳು. ನೀನೂ ಒಬ್ಬ ಮಗ, ಏನು ಬೈದ್ರೂ ಆಯ್ತಮ್ಮ ಆಯ್ತಮ್ಮ!"

"ಆಯ್ತಮ್ಮ" ಎಂದ ಪ್ಲಗ್ಗಪ್ಪ.

ದಿನವೂ ಸಂಜೆ ಹೆಂಡತಿಯ ಫೋನು ಬರುತ್ತಿತ್ತು. ಗಂಡಹೆಂಡತಿ ಮಾತಾಡಿಕೊಳ್ಳುತ್ತಿದ್ದರು ಎಂದು ನೀವು ತಿಳಿದರೆ ಅದು ತಪ್ಪು. ಅಮ್ಮನಿಗೆ ಕಿವಿ ಮಂದ. ಸೊಸೆಯ ದನಿ ತನಗೂ ಕೇಳಬೇಕು ಎಂದು ಹಟ. ಆದ್ದರಿಂದ ಫೋನನ್ನು ಊಟದ ಮೇಜಿನ ಮೇಲಿಟ್ಟು ಸ್ಪೀಕರ್ ಹಾಕುವುದು ರೂಢಿಯಾಯಿತು. ಆ ದನಿ ಮೇಲಿನ ಮನೆಯ ಡ್ರಿಲ್ ಮೇಷ್ಟ್ರಿಗೂ ಕೇಳುತ್ತಿತ್ತು. ನಿವೃತ್ತರು, ಒಂಟಿ ಜೀವ. ಕೆಲವು ದಿನ ನೆಲಕ್ಕೆ ಕಿವಿ ಕೊಟ್ಟು ಕೇಳಿದ ಅವರು, ಸೊಂಟ ಹಿಡಿದುಕೊಂಡಿತೆಂದು ನೇರವಾಗಿ ಕೆಳಗೇ ಇಳಿದು ಬರತೊಡಗಿದರು. ಹೀಗೆ ಆ ದಂಪತಿಗಳ ಸರಸ ಸಲ್ಲಾಪವೆಲ್ಲ ನಾಲ್ಕು ಜನರ ಸಭೆಯಾಗಿ ನಡೆಯುತ್ತಿತ್ತು. "ಊಟ ಆಯ್ತಾ?" ಎಂದು ಅವಳು ಕೇಳಿದರೆ "ಆಯ್ತಮ್ಮಾ ತಾಯಿ!" ಎಂದು ಮೊದಲು ಉತ್ತರ ಕೊಡುತ್ತಿದ್ದವರು ಮೇಷ್ಟ್ರು.

ಹೀಗಿರುವಾಗ ಕಚೇರಿಗೆ ಒಂದು ಕಪ್ಪು ಪೆಟ್ಟಿಗೆ ಬಂತು. ಸರ್ವರ್ ಎಂದರು. ಸಾಹೇಬರು ಎಲ್ಲರನ್ನೂ ಕರೆದು ನಿಲ್ಲಿಸಿಕೊಂಡು ವಿವರಿಸಿದರು: "ಇನ್ನು ಮೇಲೆ ನಮ್ಮ ಫೈಲೆಲ್ಲ ಇದರೊಳಗೆ. ಒಬ್ಬೊಬ್ಬರಿಗೂ ಒಂದು ಖಾತೆ, ಒಂದು ಪಾಸ್‌ವರ್ಡು, ಒಂದು ಸ್ವಂತ ಫೋಲ್ಡರು. ಎಲ್ಲರಿಗೂ ಸೇರಿ ಒಂದು ಹಂಚಿಕೆಯ ಫೋಲ್ಡರು. ನೀರು ಬಿಡೋ ವೇಳಾಪಟ್ಟಿ ಅದರಲ್ಲಿರುತ್ತೆ. ಜಲಾಶಯದವರು ಅಲ್ಲಿಂದಲೇ ಅದರಲ್ಲಿ ನೀರಿನ ಮಟ್ಟ ತುಂಬಬೇಕು, ನಾವು ಇಲ್ಲಿ ಯಾವ ಬೀದಿಗೆ ಯಾವಾಗ ನೀರು ಅಂತ ತುಂಬಬೇಕು. ಇದನ್ನ ಜೋಡಿಸೋಕೆ ಒಬ್ಬರು ಬೇಕು. ಮೊದಲು ಇಲ್ಲಿ ಮಾಡಬೇಕು, ಆಮೇಲೆ ಜಲಾಶಯದ ಶಾಖೆಗೆ ಹೋಗಿ ಕೆಲವು ತಿಂಗಳು ಅಲ್ಲೇ ಇದ್ದು..."

ಸಾಹೇಬರ ವಾಕ್ಯ ಮುಗಿಯಲಿಲ್ಲ. ಪ್ಲಗ್ಗಪ್ಪನ ಕೈ ಮೇಲೆದ್ದಿತ್ತು. ತಾನು ಎತ್ತಲಿಲ್ಲ, ಅದೇ ಎದ್ದಿತು ಎಂದು ಅವನು ಈಗಲೂ ಆಣೆ ಮಾಡುತ್ತಾನೆ.

"ನಿನಗೆ ಬರುತ್ತಾ?"

"ಬರುತ್ತೆ ಸಾರ್."

"ಖಾತೆ, ಅನುಮತಿ, ಹಂಚಿಕೆ, ಎಲ್ಲಾ?"

"ಎಲ್ಲಾ ಬರುತ್ತೆ ಸಾರ್" ಎಂದ. ಎಲ್ಲ ಎಂದರೆ ಏನೆಂದು ಮಾತ್ರ ಗೊತ್ತಿರಲಿಲ್ಲ.

ಅಂದು ಸಂಜೆಯ ಸಭೆಯಲ್ಲಿ ಸುದ್ದಿ ಹೊರಬಿದ್ದಾಗ ಹೆಂಡತಿ, "ಹೌದಾ? ನಿಜವಾಗ್ಲೂ? ಇಲ್ಲಿಗೇನಾ?" ಎಂದಳು. ಅಷ್ಟೇ. ಅತ್ತೆ, ಮೇಷ್ಟ್ರು ಕೇಳುತ್ತಿರುವಾಗ ಇನ್ನೇನು ಹೇಳಿಯಾಳು? ಆದರೆ ಆ "ಇಲ್ಲಿಗೇನಾ"ದಲ್ಲಿ ಏನಿತ್ತೋ, ಪ್ಲಗ್ಗಪ್ಪ ಮೇಜಿನ ಮೇಲಿದ್ದ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಮ್ಮ ಆಗಲೇ ಅಟ್ಟದಿಂದ ಸೂಟ್‌ಕೇಸು ಇಳಿಸಲು ಕುರ್ಚಿ ಎಳೆಯುತ್ತಿದ್ದರು. "ನಾನೂ ಬರ್ತೀನಿ ಕಣೇ! ನಿನ್ನ ಹತ್ರ ಮಾತಾಡೋದು ತುಂಬಾ ಬಾಕಿ ಇದೆ!" ಎಂದು ಅಲ್ಲಿಂದಲೇ ಕೂಗಿದರು.

ಮರುದಿನದಿಂದ ಪ್ಲಗ್ಗಪ್ಪ ಫೋನಿನಲ್ಲಿ ಒಂದು ವಿಡಿಯೋ ಹಿಡಿದುಕೊಂಡು ಸರ್ವರಿನ ಮುಂದೆ ಕೂತ. ಯಾವ ದೇಶದವನೋ ಒಬ್ಬ ಗಡ್ಡದವನು ಯಾವುದೋ ಭಾಷೆಯಲ್ಲಿ ಎಲ್ಲವನ್ನೂ ವಿವರಿಸುತ್ತಿದ್ದ. ಭಾಷೆ ತಿಳಿಯದಿದ್ದರೇನಂತೆ, ಬಾಣದ ಗುರುತು ಕಾಣುತ್ತಿತ್ತಲ್ಲ. ಗಡ್ಡದವನ ಬಾಣ ಹೋದಲ್ಲಿ ಇವನ ಬಾಣವೂ ಹೋಯಿತು. ಅವನು ಒತ್ತಿದ್ದನ್ನು ಇವನೂ ಒತ್ತಿದ. ಅವನು ನಡುವೆ ಕೆಮ್ಮಿದಾಗ ಇವನೂ ಭಕ್ತಿಯಿಂದ ಕೈ ನಿಲ್ಲಿಸಿದ. ಹಂಚಿಕೆಯ ಫೋಲ್ಡರಿಗೆ ಅವನು ತನ್ನ ಭಾಷೆಯಲ್ಲಿ ಏನೋ ಒಂದು ಹೆಸರಿಟ್ಟ. ಇವನು ಅಕ್ಷರಕ್ಕೆ ಅಕ್ಷರ ಅದನ್ನೇ ಬಡಿದ. ಸಾಹೇಬರು ಅದನ್ನು ತಾಂತ್ರಿಕ ಪದವೆಂದು ಬಗೆದು ಸುತ್ತೋಲೆಯಲ್ಲೂ ಬರೆಸಿದರು. ಅದು ಗಡ್ಡದವನ ನಾಯಿಯ ಹೆಸರೋ, ಅಜ್ಜಿಯ ಹೆಸರೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಆಶ್ಚರ್ಯವೆಂದರೆ ಅದು ಕೆಲಸ ಮಾಡಿತು! ಎಲ್ಲರ ಫೋಲ್ಡರುಗಳೂ ಪರದೆಯ ಮೇಲೆ ಒಂದರ ಕೆಳಗೊಂದು ಸಾಲಾಗಿ ನಿಂತವು. ಗಲಾಟೆ ಶುರುವಾದದ್ದೇ ಆಗ.

ಸರ್ವರಿಗೆ ಅಕ್ಷರಮಾಲೆ ಗೊತ್ತು, ಸರ್ವೀಸು ಗೊತ್ತಿಲ್ಲ. ಅದು ವಾಚ್‌ಮನ್ನನ ಫೋಲ್ಡರನ್ನು ಎಲ್ಲರಿಗಿಂತ ಮೇಲೆ ಕೂರಿಸಿ, ದೊಡ್ಡ ಗುಮಾಸ್ತರದನ್ನು ತಳಕ್ಕೆ ತಳ್ಳಿಬಿಟ್ಟಿತ್ತು. ದೊಡ್ಡ ಗುಮಾಸ್ತರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಎರಡರಲ್ಲೂ ತಾವು ತಳದಲ್ಲೇ ಇದ್ದರು.

"ಏನಯ್ಯಾ ಇದು? ಕೂದಲು ಬೆಳ್ಳಗಾಗೋವರೆಗೂ ಈ ಕಚೇರಿಗೆ ದುಡಿದಿದ್ದೀನಿ. ನಾಳೆ ಮೇಲಿನವರು ಬಂದು ನೋಡಿದ್ರೆ ನನ್ನನ್ನ ಏನು ಅಂದ್ಕೋತಾರೆ?"

"ಅದು ಅಕ್ಷರದ ಪ್ರಕಾರ ಬರುತ್ತೆ ಸಾರ್."

"ಅಕ್ಷರಕ್ಕೆ ಹೇಳಯ್ಯಾ, ಇಲ್ಲಿ ಒಂದು ಜ್ಯೇಷ್ಠತೆ ಅಂತ ಇದೆ ಅಂತ!"

ಪ್ಲಗ್ಗಪ್ಪ ಹೆಸರುಗಳ ಮೊದಲಿಗೆ ಒಂದು, ಎರಡು ಎಂದು ಅಂಕಿ ಹಾಕಿದ. ಆಗ ಒಂದೇ ದಿನ ಕೆಲಸಕ್ಕೆ ಸೇರಿದ್ದ ಇಬ್ಬರು ಟೈಪಿಸ್ಟರ ನಡುವೆ ಜಗಳ ಹತ್ತಿಕೊಂಡಿತು. ಒಬ್ಬಾಕೆ ಬೆಳಿಗ್ಗೆ ಸೇರಿದವರು, ಇನ್ನೊಬ್ಬಾಕೆ ಊಟದ ನಂತರ. "ಊಟದ ಮೇಲೆ ಬಂದೋರೆಲ್ಲ ನನ್ನ ತಲೆ ಮೇಲೆ ಕೂರ್ತಾರಾ?" ಎಂದು ಒಬ್ಬರು, "ನನ್ನ ಬಸ್ಸು ಕೆಟ್ಟದ್ದಕ್ಕೆ ಜೀವಮಾನವೆಲ್ಲ ಕೆಳಗೆ ಕೂರಬೇಕಾ?" ಎಂದು ಇನ್ನೊಬ್ಬರು. ರಾತ್ರೋರಾತ್ರಿ ಯಾರೋ ತಮ್ಮ ಹೆಸರಿನ ಮೊದಲಿಗೆ ಸೊನ್ನೆ ಸೇರಿಸಿಕೊಂಡು ಮೇಲೆ ಹೋದರು. ಮರುದಿನ ಎರಡು ಸೊನ್ನೆಯವರು ಬಂದರು. ವಾರ ಮುಗಿಯುವ ಹೊತ್ತಿಗೆ ಎಲ್ಲರಿಗಿಂತ ಮೇಲೆ ಕೂತ ದೊಡ್ಡ ಗುಮಾಸ್ತರ ಹೆಸರು ಕಾಣಬೇಕಾದರೆ ಅದರ ಮೊದಲಿಗಿದ್ದ ಸೊನ್ನೆಗಳ ಉದ್ದ ಸಾಲನ್ನು ದಾಟಿ ಹೋಗಬೇಕಾಗಿತ್ತು. ಅವರಿಗೆ ಮಾತ್ರ ಅದರಿಂದ ಪರಮ ತೃಪ್ತಿ.

ಈ ರಗಳೆಯಲ್ಲಿ ಬೆಂದು ಹೋದ ಪ್ಲಗ್ಗಪ್ಪ ಜಲಾಶಯದ ಶಾಖೆಯ ಸರದಿ ಬಂದಾಗ ಒಂದು ಉಪಾಯ ಹೂಡಿದ. ಅಲ್ಲಿಯವರಿಗೂ ಬೇರೆ ಬೇರೆ ಖಾತೆ ಕೊಟ್ಟು ಸೊನ್ನೆಯ ಯುದ್ಧವನ್ನು ಬೆಟ್ಟದ ಮೇಲೂ ಹಚ್ಚುವ ಬದಲು, ಎಲ್ಲರಿಗೂ ಸೇರಿ ಒಂದೇ ಖಾತೆ ಮಾಡಿದ. ಹೆಸರು 'ಜಲಾಶಯ'. ಯಾರು ಒಳಗೆ ಬಂದರೂ ಜಲಾಶಯವೇ ಬಂದ ಹಾಗೆ. ಇಂಥ ಜಾಣತನ ತನ್ನ ತಲೆಗೆ ಹೊಳೆಯಿತಲ್ಲ ಎಂದು ಅವನಿಗೇ ಹೆಮ್ಮೆಯಾಯಿತು. ಮುಂದೆ ಅವನು ತಲೆ ಚಚ್ಚಿಕೊಂಡದ್ದೂ ಇದಕ್ಕೇ.

ಪಾಸ್‌ವರ್ಡನ್ನು ಫೋನಿನಲ್ಲಿ ಹೆಂಡತಿಗೆ ಓದಿ ಹೇಳಿದ. ತಾನು ಅಲ್ಲಿಗೆ ಹೋಗುವ ಮುಂಚೆ ಒಮ್ಮೆ ಪ್ರಯತ್ನಿಸಿ ನೋಡಲಿ ಎಂದು, ಅಷ್ಟೇ. ಹೆಂಡತಿ ಚುರುಕು. ಒಂದೇ ಏಟಿಗೆ ಒಳಗೆ ಬಂದು ನೀರಿನ ಮಟ್ಟ ತುಂಬಿ, "ಬಂತಾ ರೀ?" ಎಂದಳು.

"ಬಂತು ಸಾರ್! ಬಂತು!" ಎಂದು ಪ್ಲಗ್ಗಪ್ಪ ಸಾಹೇಬರ ಕೋಣೆಗೆ ಓಡಿದ.

ಸಾಹೇಬರು ಪರದೆ ನೋಡಿ ಮೇಜು ಗುದ್ದಿದರು. "ಭೇಷ್! ಅಲ್ಲೂ ಆಗಿಹೋಯ್ತಲ್ಲ! ಇನ್ನು ನೀನು ಅಲ್ಲಿಗೆ ಹೋಗೋ ದಂಡ ಯಾಕೆ?"

"ಸಾರ್... ಹೋಗಬೇಕಲ್ವಾ ಸಾರ್? ಕೆಲವು ತಿಂಗಳು?"

"ಚೆನ್ನಾಗಿರೋದನ್ನ ಹೋಗಿ ಏನು ಮಾಡ್ತೀಯ? ಏನಾದ್ರೂ ಕೆಟ್ಟರೆ ಆಗ ಕಳಿಸ್ತೀನಿ."

ಆ ಸಂಜೆ ಅಮ್ಮ ಸೂಟ್‌ಕೇಸನ್ನು ಅಟ್ಟಕ್ಕೆ ಏರಿಸಲಿಲ್ಲ. ಮಂಚದ ಪಕ್ಕಕ್ಕೆ ಸರಿಸಿ ಅದರ ಮೇಲೇ ಕೂತುಬಿಟ್ಟರು. ಪ್ಲಗ್ಗಪ್ಪ ಫೋನಿನ ಮೇಲೆ ಬಾಗಿ, "ಏನಾದ್ರೂ ಕೆಟ್ಟರೆ ಮಾತ್ರ ಕಳಿಸ್ತಾರಂತೆ ಕಣೆ" ಎಂದ.

ಹೆಂಡತಿ, "ಏನಾದ್ರೂ ಕೆಟ್ಟರೆ ಕಳಿಸೇ ಕಳಿಸ್ತಾರಂತಾ?" ಎಂದು ಕೇಳಿದಳು.

"ಹೂಂ."

"ಸರಿ ಬಿಡಿ" ಎಂದಳು.

ಮರುದಿನ ಬೆಳಿಗ್ಗೆ ದೊಡ್ಡ ಗುಮಾಸ್ತರು ನೀರಿನ ವೇಳಾಪಟ್ಟಿ ತೆಗೆಯಲು ಹೋದರೆ ಪರದೆಯ ಮೇಲೆ ಒಂದು ಚೌಕ ಎದ್ದು ನಿಂತಿತು. 'ಈ ಫೈಲು ಬಳಕೆಯಲ್ಲಿದೆ. ಬಳಸುತ್ತಿರುವವರು: ಜಲಾಶಯ.' ಒಬ್ಬರು ತೆಗೆದಿಟ್ಟುಕೊಂಡಿದ್ದರೆ ಇನ್ನೊಬ್ಬರು ಅದರಲ್ಲಿ ಬರೆಯುವ ಹಾಗಿಲ್ಲ. ಅದು ಆ ಪೆಟ್ಟಿಗೆಯ ನಿಯಮ. ಹತ್ತು ನಿಮಿಷ ಕಾದರು. ಚಹಾ ಕುಡಿದು ಬಂದರು. ಜಲಾಶಯ ಇನ್ನೂ ಬಳಸುತ್ತಲೇ ಇತ್ತು.

ಪಟ್ಟಿ ಬದಲಾಗಲಿಲ್ಲ, ಆದ್ದರಿಂದ ವಾಲ್ವ್ ತಿರುಗಿಸುವವರು ಹಿಂದಿನ ದಿನದ ಪ್ರಕಾರವೇ ತಿರುಗಿಸಿದರು. ಬೆಳಿಗ್ಗೆ ನೀರು ಬರಬೇಕಾದ ಬೀದಿಗೆ ಮಧ್ಯಾಹ್ನ ಬಂತು. ಮಧ್ಯಾಹ್ನದವರಿಗೆ ಬೆಳಿಗ್ಗೆ ಬಂದು, ಅವರು ಏಳುವ ಮುಂಚೆಯೇ ಹೋಯಿತು. ಪ್ಲಗ್ಗಪ್ಪನ ಬೀದಿಯಲ್ಲಿ ಡ್ರಿಲ್ ಮೇಷ್ಟ್ರು ಮೈಗೆಲ್ಲ ಸೋಪು ಹಚ್ಚಿಕೊಂಡ ಮೇಲೆ ನಲ್ಲಿ ನಿಂತಿತು. ಅವರು ಟವಲು ಸುತ್ತಿಕೊಂಡು ಬಾಲ್ಕನಿಗೆ ಬಂದು, ಪರೇಡಿನ ದನಿಯಲ್ಲಿ, "ಎಲ್ಲಿ ಆ ಪ್ಲಗ್ಗಪ್ಪ?" ಎಂದು ಗರ್ಜಿಸಿದರು. ಎದುರು ಮನೆಯಾಕೆ ಖಾಲಿ ಬಕೆಟ್ಟು ಹಿಡಿದುಕೊಂಡು, "ಮೊದಲು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೀತಿದ್ರು, ನೀರು ಬರ್ತಿತ್ತು. ಈಗ ಅದೇನೋ ಪೆಟ್ಟಿಗೆ ತಂದ್ರಂತೆ, ಪೆಟ್ಟಿಗೆಗೇ ಬಾಯಾರಿಕೆಯೇನೋ!" ಎಂದಳು.

ಕಚೇರಿಯಲ್ಲಿ ಪ್ಲಗ್ಗಪ್ಪ ಗಡ್ಡದವನನ್ನು ಮೊರೆಹೊಕ್ಕ. ವಿಡಿಯೋದ ಕೊನೆಯಲ್ಲಿ, ಯಾರು ಯಾವ ಫೈಲು ತೆಗೆದಿಟ್ಟಿದ್ದಾರೆಂದು ಸರ್ವರಿನಲ್ಲೇ ನೋಡಿ, ಇಲ್ಲಿಂದಲೇ ಅದನ್ನು ಮುಚ್ಚಿಬಿಡುವ ಒಂದು ಗುಂಡಿಯಿತ್ತು. ಒತ್ತಿದ. ಜಲಾಶಯ ಹೊರಗೆ ಬಿತ್ತು. ಪಟ್ಟಿ ತೆರೆಯಿತು. ಇಡೀ ಕಚೇರಿ ಹೋ ಎಂದಿತು.

ಅರ್ಧ ಗಂಟೆಯಲ್ಲಿ ಜಲಾಶಯ ಮತ್ತೆ ಒಳಗೆ ಬಂದು ಕೂತಿತು. ಪ್ಲಗ್ಗಪ್ಪ ಮತ್ತೆ ಒತ್ತಿದ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಬೆಟ್ಟದ ಮೇಲಿಂದ ಒಬ್ಬರು ತೆಗೆಯುವುದು, ಕೆಳಗಿನಿಂದ ಇವನು ಮುಚ್ಚುವುದು. ಸುತ್ತ ಜನ ನಿಂತು ನೋಡತೊಡಗಿದರು. ಟೈಪಿಸ್ಟರಿಬ್ಬರೂ ಜಗಳ ಮರೆತು, "ಬಂತು ನೋಡಿ, ಬಂತು! ಒತ್ತಿ!" ಎಂದು ಹುರಿದುಂಬಿಸುವರು. ಪ್ಲಗ್ಗಪ್ಪ ಅಂಗಿಯ ತೋಳು ಮಡಚಿಕೊಂಡು, ಬೆರಳನ್ನು ಒಮ್ಮೆ ಗಾಳಿಯಲ್ಲಿ ಎತ್ತಿ ಹಿಡಿದು, ಆಮೇಲೆ ಒತ್ತುವನು. ಎದೆ ಉಬ್ಬುವುದು.

ಜಲಾಶಯಕ್ಕೆ ಫೋನು ಮಾಡಿ ಯಾರೆಂದು ಕೇಳಬಾರದಿತ್ತೇ ಎನ್ನುತ್ತೀರಿ. ಸಾಹೇಬರು ಮಾಡಿದರು. ಅಲ್ಲಿಯ ಶಾಖೆಯ ಮುಖ್ಯಸ್ಥರು, "ನಮ್ಮಲ್ಲಿ ಎಲ್ಲರೂ ಆ ಖಾತೆಯಲ್ಲೇ ಬರ್ತಾರೆ ಸಾರ್, ಯಾರು ಅಂತ ಹೇಳ್ಲಿ? ನೀವೇ ಹಾಗೆ ಮಾಡಿ ಕೊಟ್ಟದ್ದಲ್ವಾ?" ಎಂದುಬಿಟ್ಟರು.

ಸಂಜೆಯ ಸಭೆಯಲ್ಲಿ ಈಗ ಬೇರೆ ವಿಷಯವೇ ಇಲ್ಲ. "ನಿಮ್ಮ ಶಾಖೆಯಲ್ಲಿ ಯಾವನೋ ಒಬ್ಬ ಪೆದ್ದ ಇದ್ದಾನೆ ಕಣೆ! ಫೈಲು ತೆಗೆದಿಟ್ಟು ಕೂತ್ಬಿಡ್ತಾನೆ!" ಎಂದ ಪ್ಲಗ್ಗಪ್ಪ.

"ಪೆದ್ದನೇ ಅಂತ ಹೇಗೆ ಹೇಳ್ತೀರಿ? ಪಾಪ, ಅವರಿಗೇನು ಕಾರಣ ಇದೆಯೋ" ಎಂದಳು ಹೆಂಡತಿ.

"ಕಾರಣ ಏನು ಬಂತು ಮಣ್ಣು! ಕೊಬ್ಬು, ಕೊಬ್ಬು!"

"ಅವನನ್ನ ಮೈದಾನದಲ್ಲಿ ನಾಲ್ಕು ಸುತ್ತು ಓಡಿಸಬೇಕು!" ಎಂದರು ಮೇಷ್ಟ್ರು. ಸೋಪಿನ ಸಿಟ್ಟು ಇನ್ನೂ ಆರಿರಲಿಲ್ಲ.

"ಅಲ್ಲ ರೀ," ಹೆಂಡತಿಯ ದನಿ ಮೆತ್ತಗಾಯಿತು, "ದಿನಾ ಹೀಗೇ ಆಗ್ತಿದೆಯಲ್ಲ. ಅಲ್ಲಿಗೇ ಹೋಗಿ ನೋಡಿದ್ರೆ ಗೊತ್ತಾಗುತ್ತೆ ಸಾರ್ ಅಂತ ಸಾಹೇಬರಿಗೆ ಹೇಳಬಾರದಾ?"

"ಅಯ್ಯೋ, ಅದೆಲ್ಲ ಬೇಕಾಗೇ ಇಲ್ಲ! ಇಲ್ಲಿಂದ ಒಂದು ಒತ್ತು ಒತ್ತಿದ್ರೆ ಸಾಕು, ಹಾರಿ ಬೀಳ್ತಾನೆ!"

ಫೋನಿನಿಂದ ಉಸಿರೊಂದು ದೊಡ್ಡದಾಗಿ ಬಿಟ್ಟ ಸದ್ದು ಬಂತು. "ನಿಮ್ಮ ತಲೆ!" ಎಂದು ಅವಳು ಇಟ್ಟುಬಿಟ್ಟಳು. ಅವಳಾದರೂ ಏನು ಮಾಡಬೇಕು? ಗಂಡ ಬರಲಿ ಅಂತ ಊರಿನ ನೀರಿನ ಪಟ್ಟಿಯನ್ನೇ ತಡೆದಿಟ್ಟಿದ್ದೇನೆ ಎಂದು ಅತ್ತೆಯ ಎದುರು, ಅದೂ ಬೆಳಗಾಗುವುದರೊಳಗೆ ಬೀದಿಗೆಲ್ಲ ಸಾರುವ ಮೇಷ್ಟ್ರ ಎದುರು, ಬಾಯಿಬಿಟ್ಟು ಹೇಳುವುದು ಹೇಗೆ?

"ಏನು ಅಂದ್ಳೋ?" ಎಂದರು ಅಮ್ಮ.

"ನನ್ನ ತಲೆಯನ್ನ ಹೊಗಳಿದ್ಳಮ್ಮ" ಎಂದ ಪ್ಲಗ್ಗಪ್ಪ. ಅಮ್ಮ ಮಗನ ಮುಖವನ್ನು ಬಹಳ ಹೊತ್ತು ನೋಡಿದರು. ಕಿವಿ ಮಂದವಾದರೂ ಅವರಿಗೆ ಏನೋ ಒಂದು ಕೇಳಿಸಿದಂತಿತ್ತು.

ಕೊನೆಗೊಂದು ಮಧ್ಯಾಹ್ನ ಸಾಹೇಬರು ಎಲ್ಲರನ್ನೂ ಕೂಡಿಸಿದರು. ಬಿಸ್ಕತ್ತು ತರಿಸಿದ್ದರು. ದೊಡ್ಡ ಗುಮಾಸ್ತರು ಎರಡು ಮಾತು ಆಡಿ, ಪ್ಲಗ್ಗಪ್ಪನ ಬೆರಳನ್ನು ಇಲಾಖೆಯ ಆಸ್ತಿ ಎಂದು ಬಣ್ಣಿಸಿದರು. ಆಮೇಲೆ ಸಾಹೇಬರು ಎದ್ದು ಅವನ ಬೆನ್ನು ತಟ್ಟಿದರು.

"ನಿನ್ನದೊಂದು ವರ್ಗಾವಣೆ ಅರ್ಜಿ ಮೇಲೆ ಕೂತಿತ್ತಲ್ಲ? ನನ್ನ ಅಭಿಪ್ರಾಯ ಕೇಳಿದ್ರು. ನಾನೇ ಬರೆದು ಕಳಿಸಿದೆ: 'ಇವರು ಈ ಕಚೇರಿಗೆ ಅತ್ಯಗತ್ಯ, ಯಾವ ಕಾರಣಕ್ಕೂ ಬಿಡಲಾಗದು' ಅಂತ. ಇನ್ನು ನಿನ್ನನ್ನ ಇಲ್ಲಿಂದ ಯಾರೂ ಅಲುಗಾಡಿಸೋ ಹಾಗಿಲ್ಲ ಹೋಗು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ಲಗ್ಗಪ್ಪನೂ ತಟ್ಟಿದ, ಏಕೆಂದರೆ ಕೈಗೆ ಬೇರೇನು ಮಾಡಬೇಕೆಂದು ತೋಚಲಿಲ್ಲ. ಬಿಸ್ಕತ್ತು ಬಾಯಲ್ಲೇ ಉಳಿಯಿತು. ಸಂತೋಷಕ್ಕೆ ಕಣ್ಣು ತುಂಬಿಕೊಂಡಿದ್ದಾನೆ ಎಂದು ಊಟದ ಮೇಲಿನ ಟೈಪಿಸ್ಟು ಬೆಳಗಿನ ಟೈಪಿಸ್ಟಿಗೆ ಪಿಸುಗುಟ್ಟಿದರು.

ಸಂಜೆ ಫೋನು ಬಂತು. ಅಮ್ಮ ಕೂತರು, ಮೇಷ್ಟ್ರು ಕೂತರು.

"ಸಾಹೇಬರು ನನ್ನನ್ನ ಅತ್ಯಗತ್ಯ ಅಂತ ಬರೆದುಬಿಟ್ಟಿದ್ದಾರೆ ಕಣೆ" ಎಂದ ಪ್ಲಗ್ಗಪ್ಪ. "ಇನ್ನು ನನ್ನನ್ನ ಎಲ್ಲಿಗೂ ಬಿಡಲ್ಲವಂತೆ. ಅರ್ಜಿ ಹೋಯ್ತು."

ಫೋನು ಕಡಿದುಹೋಯಿತೇನೋ ಎಂದು ಮೇಷ್ಟ್ರು ಅದನ್ನು ಎತ್ತಿ ಅಲ್ಲಾಡಿಸಿ ನೋಡಿದರು.

"ಅತ್ಯಗತ್ಯ ಯಾರಿಗೆ ರೀ?" ಎಂದಳು ಹೆಂಡತಿ. ದನಿ ಒಡೆದಿತ್ತು. "ಅವರಿಗೊಬ್ಬರಿಗೇನಾ?"

"ಅಳ್ತಿದ್ದೀಯೇನೇ?"

"ಕೇಳಲಿ, ಎಲ್ಲರೂ ಕೇಳಲಿ! ನನಗಿನ್ನು ನಾಚಿಕೆಯೂ ಇಲ್ಲ, ಏನೂ ಇಲ್ಲ. ಆ ಫೈಲು ತೆಗೆದಿಟ್ಟು ಕೂತಿರೋ ಪೆದ್ದ ನಾನೇ ರೀ!"

"ನೀನಾ? ಯಾಕೆ?"

"ಯಾಕೆ ಅಂತ ಬೇರೆ ಕೇಳ್ತಾನಲ್ಲಪ್ಪ!" ಎಂದು ಅಮ್ಮ ಹಣೆ ಬಡಿದುಕೊಂಡರು.

"ಏನಾದ್ರೂ ಕೆಟ್ಟರೆ ಕಳಿಸ್ತಾರೆ ಅಂದ್ರಲ್ಲ ನೀವು. ಕೆಡಿಸೋಕೆ ನನಗೆ ಗೊತ್ತಿದ್ದದ್ದು ಅದೊಂದೇ. ಬೆಳಿಗ್ಗೆ ಬಂದವಳೇ ತೆಗೆದಿಡ್ತಿದ್ದೆ. ಇವತ್ತಾದ್ರೂ ಕಳಿಸಿರ್ತಾರೇನೋ ಅಂತ ಸಂಜೆ ಬಸ್ಸಿನ ಹೊತ್ತಿಗೆ ಕಿಟಕಿ ಹತ್ರ ಹೋಗಿ ನಿಂತ್ಕೋತಿದ್ದೆ. ಇಳಿಯೋರನ್ನೆಲ್ಲ ನೋಡ್ತಿದ್ದೆ. ನೀವು ನೋಡಿದ್ರೆ ಅಲ್ಲಿಂದ ಮುಚ್ಚಿಬಿಡೋರು. ಮತ್ತೆ ತೆಗೆದ್ರೆ ಮತ್ತೆ ಮುಚ್ಚೋರು. ಪ್ರತಿ ಸಲವೂ, ಬಾಗಿಲಲ್ಲಿ ನಿಂತೋಳ ಮುಖದ ಮೇಲೆ ಕದ ಹಾಕಿದ ಹಾಗಾಗ್ತಿತ್ತು ರೀ. ನೀವು ಅಂತ ನನಗೆ ಗೊತ್ತಿತ್ತಲ್ಲ. ನಾನು ಅಂತ ನಿಮಗೇ ಗೊತ್ತಾಗಲಿಲ್ಲ."

ಪ್ಲಗ್ಗಪ್ಪನಿಗೆ ತಾನು ಗಾಳಿಯಲ್ಲಿ ಎತ್ತಿ ಹಿಡಿಯುತ್ತಿದ್ದ ಬೆರಳು ನೆನಪಾಯಿತು. ಅದನ್ನು ಮಡಚಿ ಅಂಗೈಯೊಳಗೆ ಮುಚ್ಚಿಕೊಂಡ. ಡ್ರಿಲ್ ಮೇಷ್ಟ್ರು ಎಂದೂ ಇಲ್ಲದ ಹಾಗೆ ಒಂದು ಮಾತೂ ಆಡದೆ ಎದ್ದು, ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಅಮ್ಮ ಫೋನನ್ನು ಹತ್ತಿರಕ್ಕೆ ಎಳೆದುಕೊಂಡರು.

"ಅಳಬೇಡ ಕಣಮ್ಮ. ಇವನನ್ನ ಹೆತ್ತವಳು ನಾನು, ತಪ್ಪೆಲ್ಲ ನನ್ನದು. ನಾಳೆ ಮತ್ತೆ ತೆಗೆದಿಡು ಆ ಫೈಲನ್ನ. ಇವನು ಮುಚ್ಚಲಿ ನೋಡ್ತೀನಿ!"

"ಸಾಕಾಯ್ತು ಅತ್ತೆ" ಎಂದಳು ಅವಳು. "ಇನ್ನೊಂದೇ ಸಲ."

ಮರುದಿನ ಬೆಳಿಗ್ಗೆ ಚೌಕ ಎದ್ದು ನಿಂತಿತು. 'ಈ ಫೈಲು ಬಳಕೆಯಲ್ಲಿದೆ. ಬಳಸುತ್ತಿರುವವರು: ಜಲಾಶಯ.' ಎಂದಿನಂತೆ ಜನ ಸೇರಿದರು. ಪ್ಲಗ್ಗಪ್ಪ ಬಾಣವನ್ನು ಆ ಗುಂಡಿಯ ಮೇಲೆ ತಂದು ನಿಲ್ಲಿಸಿದ. ಅದೇ ಅಕ್ಷರ, ಅದೇ ಚೌಕ. ಆದರೆ ಇವತ್ತು ಅದರ ಹಿಂದೆ ಅವಳು ಕೂತಿರುವುದು ಅವನಿಗೆ ಕಾಣುತ್ತಿತ್ತು. ಕುರ್ಚಿಯ ತುದಿಯಲ್ಲಿ, ಎದ್ದು ಹೋಗು ಎಂದರೆ ಎದ್ದುಬಿಡುವವಳ ಹಾಗೆ. ಬೆರಳು ಇಳಿಯಲಿಲ್ಲ.

"ಒತ್ತಯ್ಯಾ" ಎಂದರು ದೊಡ್ಡ ಗುಮಾಸ್ತರು.

"ಒತ್ತಿ, ಒತ್ತಿ!" ಎಂದರು ಟೈಪಿಸ್ಟರು.

ಗದ್ದಲ ಕೇಳಿ ಸಾಹೇಬರೇ ಹೊರಗೆ ಬಂದರು. "ಯಾಕೆ, ಇವತ್ತು ಆಗ್ತಿಲ್ವಾ? ಕೆಟ್ಟಿದೆಯಾ?"

ನೋಡಿ, ಒಂದೇ ಒಂದು ಮಾತು ಸಾಕಾಗಿತ್ತು. ಕೆಟ್ಟಿದೆ ಸಾರ್ ಎಂದಿದ್ದರೆ ಮುಗಿಯಿತು, ಸಾಹೇಬರೇ ಬಾಯಲ್ಲಿಟ್ಟಿದ್ದರು. ಗೊತ್ತಿಲ್ಲದ್ದನ್ನು ಗೊತ್ತೆಂದು ಇಷ್ಟು ದಿನ ನಂಬಿಸಿದವನಿಗೆ ಇದೇನು ದೊಡ್ಡದು? ಪ್ಲಗ್ಗಪ್ಪ ಬಾಯಿ ತೆರೆದ.

"ಕೆಟ್ಟಿಲ್ಲ ಸಾರ್" ಎಂದ. "ಚೆನ್ನಾಗೇ ಇದೆ."

"ಮತ್ತೆ ಒತ್ತೋಕೇನು?"

"ಆ ಕಡೆ ಕೂತಿರೋದು ನನ್ನ ಹೆಂಡತಿ ಸಾರ್. ಇಷ್ಟು ದಿನ ಗೊತ್ತಾಗಲಿಲ್ಲ, ಎಬ್ಬಿಸಿ ಎಬ್ಬಿಸಿ ಆಚೆ ಕಳಿಸಿದೆ. ನಾನು ಅಲ್ಲಿಗೆ ಬರಲಿ ಅಂತ ಕೂತಿದ್ದಾಳಂತೆ. ನನಗೆ ಸರ್ವರೂ ಬರಲ್ಲ, ಗಿರ್ವರೂ ಬರಲ್ಲ ಸಾರ್. ಅವಳಿರೋ ಕಡೆ ಹೋಗಬೇಕು ಅಂತ ಕೈ ಎತ್ತಿದ್ದೆ, ಅಷ್ಟೇ. ಈಗ ಒತ್ತೋಕೆ ಕೈ ಬರ್ತಿಲ್ಲ. ಬೇರೆ ಯಾರಾದ್ರೂ ಒತ್ತಿಬಿಡಿ ಸಾರ್."

ಹೇಳಿ ಕುರ್ಚಿ ಬಿಟ್ಟು ಎದ್ದು, ಗೋಡೆಗೆ ಒರಗಿ ನಿಂತ. ಸಾಹೇಬರು ದೊಡ್ಡ ಗುಮಾಸ್ತರ ಕಡೆ ನೋಡಿದರು. ಯಾವುದರಲ್ಲೂ ತಾವೇ ಮೊದಲಿರಬೇಕೆನ್ನುತ್ತಿದ್ದ ದೊಡ್ಡ ಗುಮಾಸ್ತರು ಒಂದು ಹೆಜ್ಜೆ ಹಿಂದೆ ಸರಿದು, "ಟೈಪಿಸ್ಟರ ಕೈ ಚುರುಕು ಸಾರ್" ಎಂದರು. ಬೆಳಗಿನ ಟೈಪಿಸ್ಟು, "ಬೇಕಾದ್ರೆ ಅವರೇ ಮೊದಲು ಮಾಡಲಿ" ಎಂದು ಊಟದ ಮೇಲಿನವರಿಗೆ ಜ್ಯೇಷ್ಠತೆಯನ್ನು ಧಾರಾಳವಾಗಿ ಬಿಟ್ಟುಕೊಟ್ಟರು. ಅವರು ಸೆರಗಿನಲ್ಲಿ ಕಣ್ಣೊತ್ತಿಕೊಳ್ಳುತ್ತಿದ್ದರು.

"ಒಂದು ಗುಂಡಿ ಒತ್ತೋಕೆ ಇಷ್ಟು ಜನದಲ್ಲಿ ಒಬ್ಬರಿಲ್ವಾ?" ಎಂದು ಸಾಹೇಬರು ತಾವೇ ಬಂದು ಕುರ್ಚಿಯಲ್ಲಿ ಕೂತರು. ಮೌಸಿನ ಮೇಲೆ ಕೈ ಇಟ್ಟರು. ಚೌಕದಲ್ಲಿದ್ದ ಅಕ್ಷರಗಳನ್ನು ಒಂದು ಸಲ ಓದಿದರು. ಇನ್ನೊಂದು ಸಲ ಓದಿದರು. ಆಮೇಲೆ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಹಲಗೆ ಎಲ್ಲಿದೆ?" ಎಂದರು. "ಇವತ್ತಿನ ಪಟ್ಟಿ ಹಳೇ ಥರ ಅದರ ಮೇಲೆ ಬರೀರಿ. ಇದು ಇಲ್ಲಿಂದ ಆಗೋ ಕೆಲಸ ಅಲ್ಲ ಅಂತ ನಾನು ಮೇಲಕ್ಕೆ ಬರೀತೀನಿ." ಪ್ಲಗ್ಗಪ್ಪನ ಕಡೆ ತಿರುಗಿದರು. "ನೋಡ್ತಾ ನಿಂತಿದ್ದೀಯಲ್ಲ, ಹೊರಡಯ್ಯಾ! ಹೋಗಿ ನೀನೇ ಎಬ್ಬಿಸು."

ಪ್ಲಗ್ಗಪ್ಪ ಬಾಗಿಲವರೆಗೆ ಓಡಿದವನು ಅಲ್ಲಿಂದ ತಿರುಗಿ ಬಂದ. ಎಷ್ಟಾದರೂ ಗುಮಾಸ್ತ; ಆದೇಶದಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಮುಂದೆ ತೊಂದರೆ.

"ಸಾರ್, ಎಷ್ಟು ದಿನದೊಳಗೆ ಎಬ್ಬಿಸಬೇಕು ಅಂತ..."

"ಅದನ್ನ ನನ್ನನ್ನ ಕೇಳಿದ್ರೆ?" ಎಂದರು ಸಾಹೇಬರು. "ಹೋಗಿ ಅವರನ್ನೇ ಕೇಳಯ್ಯಾ."